ಸ್ಕೀ ಸಿನಿಮಾ ನೋಡುವಾಗ ಪ್ಯಾಂಟಿನ ಮೊಣಕಾಲು ನೋಡಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಹದಿನಾಲ್ಕು ಮಷಿನ್, ಒಬ್ಬ ಕಟಿಂಗ್ ಮಾಸ್ಟರ್. ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಕೆಲವು ವರ್ಷದ ಹಿಂದೆ ಜಾಬ್ ವರ್ಕ್ ಕೊಡುವ ಒಬ್ಬ ವ್ಯಾಪಾರಿ ಚಳಿಗಾಲದ ಜಾಕೆಟ್ ಹೊಲಿಸಬೇಕು ಅಂತ ಬಂದರು. ಪಾಕೆಟ್ ಎಲ್ಲಿ ಬರಬೇಕು, ಜಿಪ್ ಎಷ್ಟುದ್ದ ಇರಬೇಕು ಅಂತ ತೋರಿಸುವುದಕ್ಕೆ ಹಳೆಯ ಸ್ಕೀ ಪತ್ರಿಕೆಗಳ ಒಂದು ಕಟ್ಟು ಬಿಟ್ಟುಹೋದರು. ಸ್ಕೀ ಅಂದರೆ ಹಿಮದ ಮೇಲೆ ಜಾರುವುದಕ್ಕೆ ಕಾಲಿಗೆ ಕಟ್ಟಿಕೊಳ್ಳುವ ಉದ್ದ ಪಟ್ಟಿ. ಆರ್ಡರ್ ಬರಲಿಲ್ಲ. ಕಟ್ಟು ನಮ್ಮಲ್ಲೇ ಉಳಿಯಿತು.

ಅದು ಮೇ ತಿಂಗಳು. ಹೊರಗೆ ಕಾಲಿಟ್ಟರೆ ಚಪ್ಪಲಿ ಸುಡುವ ಬಿಸಿಲು. ಊಟದ ಹೊತ್ತಿಗೆ ಕಟಿಂಗ್ ಟೇಬಲ್ ಸುತ್ತ ಕೂತು ನಾವೆಲ್ಲ ಆ ಪುಟಗಳನ್ನು ತಿರುವುತ್ತಿದ್ದೆವು. ಬೆಟ್ಟವೆಲ್ಲ ಬಿಳಿ. ಅದರ ಮೇಲೆ ಒಬ್ಬನೇ ಒಬ್ಬ ಮನುಷ್ಯ, ಹಿಂದೆ ಹಾವಿನಂತೆ ಬಳುಕುವ ಒಂದೇ ಒಂದು ಗೆರೆ. ನನಗೆ ಆಸೆ ಹುಟ್ಟಿದ್ದು ಅಲ್ಲಿ. ಎರಡು ವರ್ಷ ದುಡ್ಡು ಕೂಡಿಟ್ಟೆ. ನಲವತ್ತೊಂದನೇ ವಯಸ್ಸಿನಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಎರಡು ವಾರದ ಬೇಸಿಕ್ ಕೋರ್ಸ್ ಮಾಡಿ ಬಂದೆ. ಆಮೇಲೆ ಇನ್ನೂ ಎರಡು ಸಲ ಹೋಗಿದ್ದೇನೆ.

ಈಗ ನನ್ನ ತಮ್ಮನ ಮಗನಿಗೂ ಅದೇ ಆಸೆ. ಇಡೀ ದಿನ ಫೋನಿನಲ್ಲಿ ಸ್ಕೀ ವಿಡಿಯೋ ನೋಡುತ್ತಾನೆ. ಮೊನ್ನೆ ಯೂನಿಟ್ಟಿಗೆ ಬಂದವನು ಫೋನ್ ನನ್ನ ಮುಂದೆ ಹಿಡಿದು, "ಅತ್ತೆ, ಸ್ಕೀಯಿಂಗ್ ಅಂದ್ರೆ ಹಿಂಗೇ ಇರುತ್ತಾ?" ಅಂತ ಕೇಳಿದ. ಹೌದು ಅನ್ನುವುದಕ್ಕೂ ಆಗಲಿಲ್ಲ, ಅಲ್ಲ ಅನ್ನುವುದಕ್ಕೂ ಆಗಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ವಿಡಿಯೋ ಹೇಗೆ ನೋಡಬೇಕು ಅಂತ ತೋರಿಸಿದೆ. ಹಿಮ ಕಾಣದ ಊರಿನಿಂದ ಸ್ಕೀಯಿಂಗ್ ಕಡೆ ಹೊರಡುವವರು ನಮ್ಮಲ್ಲಿ ಇನ್ನೂ ಇದ್ದಾರು. ನಮಗೆಲ್ಲ ಮೊದಲು ಸಿಗುವುದು ಸಿನಿಮಾ, ಪತ್ರಿಕೆ, ಫೋನಿನ ವಿಡಿಯೋ ಮಾತ್ರ, ಅಲ್ವಾ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬಟ್ಟೆ ನೋಡಿ

ನಾನು ಬಟ್ಟೆಯವಳು, ನನ್ನ ಕಣ್ಣು ಮೊದಲು ಹೋಗುವುದು ಹೊಲಿಗೆಯ ಮೇಲೆ. ಸ್ಕೀ ಪ್ಯಾಂಟಿನ ಬಾಟಮ್‌ನಲ್ಲಿ, ಪಾದದ ಒಳಬದಿಗೆ, ದಪ್ಪ ಬಟ್ಟೆಯ ಒಂದು ತೇಪೆ ಹೊಲಿದಿರುತ್ತಾರೆ. ಸ್ಕೀಯ ಎರಡೂ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದೆ. ಕಲಿಯುವಾಗ ಒಂದು ಕಾಲಿನ ಸ್ಕೀ ಇನ್ನೊಂದು ಕಾಲಿಗೆ ಉಜ್ಜಿ ಬಟ್ಟೆ ಕತ್ತರಿಸಿಹೋಗುತ್ತದೆ. ಅದನ್ನು ತಡೆಯುವುದಕ್ಕೆ ಆ ತೇಪೆ. ನಾಲ್ಕು ದಿನ ಸ್ಕೀ ಮಾಡಿದ ಯಾರ ಪ್ಯಾಂಟಿನಲ್ಲಾದರೂ ಅಲ್ಲಿ ಗೀರು ಇದ್ದೇ ಇರುತ್ತದೆ. ಹಾಗೇ ಮೊಣಕಾಲು, ಕುಂಡೆ, ಮೊಣಕೈ: ಬಿದ್ದವರಿಗೆ ಈ ಮೂರು ಕಡೆ ಹಿಮ ಮೆತ್ತಿಕೊಂಡಿರುತ್ತದೆ, ಒದ್ದೆ ಕಲೆ ಇರುತ್ತದೆ.

ಆ ಕಟ್ಟಿನ ಪತ್ರಿಕೆಗಳನ್ನು ಗುಲ್ಮಾರ್ಗ್‌ನಿಂದ ಬಂದಮೇಲೆ ಇನ್ನೊಂದು ಸಲ ತೆರೆದೆ. ಮುಖಪುಟದಲ್ಲಿ, ಜಾಹೀರಾತಿನಲ್ಲಿ ಒಂದು ಗೀರೂ ಇಲ್ಲ. ಬಟ್ಟೆ ಆಗ ತಾನೇ ಪ್ಯಾಕೆಟ್ಟಿನಿಂದ ತೆಗೆದ ಹಾಗಿದೆ. ಒಳಪುಟಗಳಲ್ಲಿ, ಚಿಕ್ಕ ಚಿಕ್ಕ ಕಪ್ಪುಬಿಳುಪು ಫೋಟೋಗಳಲ್ಲಿ ಮಾತ್ರ ಬೇರೆ ಜನ ಸಿಕ್ಕರು. ಅಂಟುಪಟ್ಟಿ ಸುತ್ತಿದ ಕೈಗವಸು, ಹರಿದ ಬಾಟಮ್, ಗಡ್ಡದಲ್ಲಿ ಹೆಪ್ಪುಗಟ್ಟಿದ ಉಸಿರು. ಪತ್ರಿಕೆ ಸಿಕ್ಕರೆ ಮುಖಪುಟ ಬಿಟ್ಟು ಆ ಪುಟಗಳಿಂದ ಶುರು ಮಾಡಿ. ಸ್ಕೀ ಮಾಡುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಅಲ್ಲಿರುತ್ತದೆ.

ವಿಡಿಯೋದಲ್ಲಿ ಬಟ್ಟೆ ಇನ್ನೊಂದು ಗುಟ್ಟು ಬಿಟ್ಟುಕೊಡುತ್ತದೆ. ಒಂದೇ ಇಳಿತ ಅಂತ ತೋರಿಸುತ್ತಾರೆ. ಆದರೆ ಮೇಲಿನ ತಿರುವಿನಲ್ಲಿ ಜಾಕೆಟ್ಟಿನ ಜಿಪ್ ಗಂಟಲ ತನಕ ಏರಿದೆ. ಮುಂದಿನ ತಿರುವಿನಲ್ಲಿ ಎದೆಯ ತನಕ ಇಳಿದಿದೆ. ಅಂದರೆ ಅದು ಎರಡು ಇಳಿತ, ಬಹುಶಃ ಎರಡು ದಿನ. ತಮ್ಮನ ಮಗ ಹೀಗೆ ನಾಲ್ಕು ನಿಮಿಷದ ಒಂದು ವಿಡಿಯೋದಲ್ಲಿ ಐದು ಕಡೆ ಹಿಡಿದ. ಇದನ್ನು ಮೋಸ ಅಂತ ನಾನು ಹೇಳುತ್ತಿಲ್ಲ. ತುಂಡು ತುಂಡು ಜೋಡಿಸಿಯೇ ಪ್ಯಾಂಟ್ ಆಗುವುದು, ಸಿನಿಮಾನೂ ಹಾಗೇ. ಆದರೆ ಜೋಡಿಸಿದ್ದು ಎಲ್ಲಿ ಅಂತ ಗೊತ್ತಿದ್ದರೆ, ಆ ಮನುಷ್ಯ ನಡುವೆ ನಿಂತು ಏದುಸಿರು ಬಿಟ್ಟಿದ್ದಾನೆ, ಬಿದ್ದು ಎದ್ದಿದ್ದಾನೆ ಅಂತ ನಮಗೂ ತಿಳಿಯುತ್ತದೆ. ನಾವು ಮೊದಲ ದಿನ ಬಿದ್ದಾಗ ನಮ್ಮಲ್ಲೇ ಏನೋ ಕೊರತೆ ಇದೆ ಅಂತ ಕುಗ್ಗುವುದಿಲ್ಲ.

ಆಮೇಲೆ ಮರ ನೋಡಿ. ಇಳಿಜಾರು ಎಷ್ಟು ಕಡಿದು ಅಂತ ಸಿನಿಮಾದಲ್ಲಿ ಗೊತ್ತಾಗುವುದು ಬಹಳ ಕಷ್ಟ. ಹೆಲ್ಮೆಟ್ಟಿನ ಮೇಲಿಡುವ ಕ್ಯಾಮೆರಾದ ಅಗಲ ಲೆನ್ಸ್ ಇಳಿಜಾರನ್ನು ಚಪ್ಪಟೆ ಮಾಡಿಬಿಡುತ್ತದೆ. ಕ್ಯಾಮೆರಾವನ್ನು ಸ್ವಲ್ಪ ಓರೆ ಹಿಡಿದರೆ ಸಾದಾ ಇಳಿಜಾರು ಗೋಡೆಯಾಗಿ ಕಾಣುತ್ತದೆ. ಪೈನ್, ದೇವದಾರು ಮರಗಳ ಕಾಂಡ ಸಾಮಾನ್ಯವಾಗಿ ನೆಟ್ಟಗೆ ಬೆಳೆಯುತ್ತದೆ. ಫೋಟೋದಲ್ಲಿ ಮರಗಳೆಲ್ಲ ಒಂದೇ ಕಡೆ ವಾಲಿದ್ದರೆ ವಾಲಿದ್ದು ಕ್ಯಾಮೆರಾ.

ಬೆಳಕಿನ ಬಗ್ಗೆ ಒಂದು ಮಾತು. ಪತ್ರಿಕೆಯ ಫೋಟೋಗಳಲ್ಲಿ ನೆರಳು ಉದ್ದ ಇರುತ್ತದೆ, ಹಿಮದ ಒಂದೊಂದು ಉಬ್ಬೂ ಕಾಣುತ್ತದೆ. ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ತೆಗೆದದ್ದು ಅವು. ಮೋಡ ಕವಿದ ದಿನ ಹಾಗಿರುವುದಿಲ್ಲ. ನೆಲ, ಆಕಾಶ ಎರಡೂ ಒಂದೇ ಬಿಳುಪು. ಕಾಲ ಕೆಳಗೆ ಉಬ್ಬು ಇದೆಯಾ ತಗ್ಗು ಇದೆಯಾ ಕಾಣುವುದಿಲ್ಲ, ನಾನು ನಿಂತಿದ್ದೇನಾ ಜಾರುತ್ತಿದ್ದೇನಾ ಅಂತಲೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ನನ್ನ ಎರಡು ವಾರದಲ್ಲಿ ಐದು ದಿನ ಅಂಥದ್ದೇ. ಅಂಥ ದಿನದ ಫೋಟೋ ಯಾರು ಅಚ್ಚು ಹಾಕುತ್ತಾರೆ? ಹಾಕಿದರೂ ಅಲ್ಲಿ ಕಾಣುವುದಕ್ಕೆ ಏನೂ ಇರುವುದಿಲ್ಲ.

ಸಿನಿಮಾ ಮಾಡಿದವರೂ ಇದನ್ನು ಬಲ್ಲವರೇ

ಸ್ಕೀ ಸಿನಿಮಾ ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಆರ್ನಾಲ್ಡ್ ಫಾಂಕ್ ಭೂವಿಜ್ಞಾನ ಓದಿದವರು. 1920ರ ಹೊತ್ತಿಗೇ ಭಾರದ ಕ್ಯಾಮೆರಾ ಹೊತ್ತು ಬೆಟ್ಟ ಹತ್ತಿ ಸ್ಕೀಯಿಂಗ್ ಚಿತ್ರ ತೆಗೆದರು. ಆಸ್ಟ್ರಿಯಾದ ಆರ್ಲ್‌ಬರ್ಗಿನಲ್ಲಿ ಸ್ಕೀ ಕಲಿಸುತ್ತಿದ್ದ ಹಾನೆಸ್ ಷ್ನೈಡರ್, ಫಾಂಕ್ ಅವರ ಚಿತ್ರಗಳಲ್ಲಿ ಸ್ಕೀ ಮಾಡಿದರು. ಒಬ್ಬ ಮೇಷ್ಟ್ರ ಮೊಣಕಾಲು ಎಷ್ಟು ಬಾಗಬೇಕು ಅನ್ನುವುದನ್ನು ಜನ ಪರದೆಯ ಮೇಲೆ ನೋಡಿದರು.

ನನಗೆ ಬಹಳ ಹಿಡಿಸುವವರು ಅಮೆರಿಕದ ವಾರೆನ್ ಮಿಲ್ಲರ್. 1950ರಿಂದ ಹಲವಾರು ದಶಕ ವರ್ಷಕ್ಕೊಂದು ಸ್ಕೀ ಚಿತ್ರ. ಶುರುವಿನ ದಿನಗಳಲ್ಲಿ ಊರೂರಿಗೆ ಹೋಗಿ, ಹಾಲ್ ಬಾಡಿಗೆಗೆ ಹಿಡಿದು, ಪರದೆಯ ಪಕ್ಕ ನಿಂತು ತಾವೇ ಮಾತಾಡಿ ಚಿತ್ರ ತೋರಿಸುತ್ತಿದ್ದರು. ನಮ್ಮ ಕಡೆ ಟೂರಿಂಗ್ ಟಾಕೀಸ್ ಊರಿಂದ ಊರಿಗೆ ಹೋಗುತ್ತಿದ್ದ ಹಾಗೆ. ಅವರ ಚಿತ್ರಗಳಲ್ಲಿ ದೊಡ್ಡ ಸ್ಕೀಯರ್‌ಗಳು ಇದ್ದರು. ಜೊತೆಗೆ ಚೇರ್‌ಲಿಫ್ಟಿನಿಂದ ಇಳಿಯಲಾರದೆ ಉರುಳುವ ಸಾಮಾನ್ಯ ಜನವೂ ಇದ್ದರು. ಅವರನ್ನು ಕತ್ತರಿಸಿ ಎಸೆಯಲಿಲ್ಲ. ಜನ ನಕ್ಕರು, ಆ ನಗುವಿನಲ್ಲಿ ತಮ್ಮನ್ನೇ ಕಂಡರು. ಹಳೆಯ ಸ್ಕೀ ಚಿತ್ರಗಳ ತುಣುಕು ಎಲ್ಲಾದರೂ ಸಿಕ್ಕರೆ ಹೊಸದಕ್ಕಿಂತ ಮೊದಲು ಅದನ್ನು ನೋಡಿ.

ಇನ್ನೊಂದು ಕಡೆ, 1977ರ ಜೇಮ್ಸ್ ಬಾಂಡ್ ಚಿತ್ರದ ಶುರುವಿನ ಜಿಗಿತ ಇದೆ. ಕೆನಡಾದ ಬ್ಯಾಫಿನ್ ದ್ವೀಪದ ಆಸ್ಗಾರ್ಡ್ ಬೆಟ್ಟದ ಅಂಚಿನಿಂದ ರಿಕ್ ಸಿಲ್ವೆಸ್ಟರ್ ಸ್ಕೀ ಮೇಲೆ ಹಾರಿ ಪ್ಯಾರಾಶೂಟ್ ಬಿಚ್ಚುತ್ತಾರೆ. ನಾವು ನೋಡುವುದು ಅರ್ಧ ನಿಮಿಷ. ಅದಕ್ಕಾಗಿ ಆ ತಂಡ ಹವಾಮಾನ ತಿಳಿಯಾಗಲಿ ಅಂತ ದಿನಗಟ್ಟಲೆ ಕಾದಿತ್ತು. ಇಂಥದ್ದು ನೋಡುವಾಗ ಕಾಯ್ದ ದಿನಗಳನ್ನೂ ಮನಸ್ಸಿನಲ್ಲಿ ಸೇರಿಸಿಕೊಂಡು ನೋಡಬೇಕು. ಸ್ಕೀಯಿಂಗ್‌ನಲ್ಲಿ ಕಾಯುವುದೇ ಜಾಸ್ತಿ. ಗಾಳಿ ನಿಲ್ಲಲಿ ಅಂತ, ಜನರನ್ನು ತಂತಿಯ ಮೇಲೆ ಬೆಟ್ಟಕ್ಕೆ ಒಯ್ಯುವ ಗೊಂಡೊಲಾ ತೆರೆಯಲಿ ಅಂತ, ಕೆಳಗಿರುವವರು ದಾರಿ ಬಿಡಲಿ ಅಂತ.

ಆದರೆ ಒಂದು ಚಿತ್ರ ನನ್ನನ್ನು ಕಲಕಿತು. ಜಪಾನಿನ ಯುಯಿಚಿರೋ ಮಿಯುರಾ 1970ರ ಮೇ 6ರಂದು ಎವರೆಸ್ಟಿನ ತುದಿಗಿಂತ ಕೆಳಗಿರುವ ಕಣಿವೆದಾರಿ ಸೌತ್ ಕೋಲ್‌ನಿಂದ ಸ್ಕೀ ಮೇಲೆ ಇಳಿದರು. ವೇಗ ತಡೆಯುವುದಕ್ಕೆ ಬೆನ್ನಿಗೆ ಪ್ಯಾರಾಶೂಟ್. ಆದರೂ ಬಿದ್ದರು, ಜಾರುತ್ತಾ ಹೋಗಿ ದೊಡ್ಡ ಬಿರುಕೊಂದರ ಸ್ವಲ್ಪ ಮೇಲೆ ನಿಂತರು. ಆ ಸಾಹಸದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಸ್ಕೀ ಮಾಡುವುದು ಅದರಲ್ಲಿ ಕೊನೆಯ ಕೆಲವೇ ನಿಮಿಷ. ಉಳಿದದ್ದೆಲ್ಲ ನಡಿಗೆ, ಹೊರೆ, ಜನ, ಚಳಿ. ಆ ಪ್ರಯಾಣದಲ್ಲಿ ಖುಂಬು ಐಸ್ ಫಾಲ್ ಅನ್ನುವ, ಒಡೆದ ಹಿಮಗಡ್ಡೆಗಳ ಹಾದಿಯಲ್ಲಿ ಆರು ಜನ ಶೆರ್ಪಾಗಳು ಸತ್ತರು. ಅದನ್ನು ತಿಳಿದು ನೋಡಿದರೆ ಆ ಕೊನೆಯ ನಿಮಿಷಗಳ ತೂಕವೇ ಬೇರೆ. ಒಬ್ಬ ಮನುಷ್ಯ ಇಳಿಯುವುದಕ್ಕೆ ಎಷ್ಟು ಜನ ಹತ್ತಿದ್ದರು ಅನ್ನುವುದು ಎದೆಗೆ ತಾಗುತ್ತದೆ.

ಹತ್ತಿದ ಗುರುತು ಹುಡುಕಿ

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಸಿನಿಮಾ, ಪತ್ರಿಕೆ ಎರಡೂ ಇಳಿಯುವುದನ್ನು ಹಿಡಿಯುತ್ತವೆ, ಚೆನ್ನಾಗಿಯೇ ಹಿಡಿಯುತ್ತವೆ. ಹತ್ತುವುದನ್ನು ಬಿಡುತ್ತವೆ. ಹೆಲಿಕಾಪ್ಟರ್ ತುದಿಗೆ ಇಳಿಸಿದರೆ ಹತ್ತುವುದು ಇರುವುದೇ ಇಲ್ಲ.

ಕೋರ್ಸಿನ ಮೊದಲ ದಿನ ನಮ್ಮನ್ನು ಗೊಂಡೊಲಾ ಹತ್ತಿರಕ್ಕೂ ಬಿಡಲಿಲ್ಲ. ನಮ್ಮ ಕೋಟೆ ಗುಡ್ಡದ ಬುಡದಷ್ಟೂ ಕಡಿದಾಗಿಲ್ಲದ ಒಂದು ಇಳಿಜಾರು. ಕಾಲಿಗೆ ಸ್ಕೀ ಕಟ್ಟಿಕೊಂಡೇ ಹತ್ತಬೇಕು. ಪಕ್ಕಕ್ಕೆ ತಿರುಗಿ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಕಾಲು ಎತ್ತಿ ಇಡುವುದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಮುಖ ಮೇಲಕ್ಕೆ ಮಾಡಿ, ಸ್ಕೀಯ ಮುಂದಿನ ತುದಿ ಅಗಲ, ಹಿಂದಿನ ತುದಿ ಹತ್ತಿರ ಇಟ್ಟು, ಒಳ ಅಂಚನ್ನು ಹಿಮಕ್ಕೆ ಒತ್ತಿ ಹತ್ತುತ್ತಾರೆ. ಅದಕ್ಕೆ ಹೆರಿಂಗ್‌ಬೋನ್ ಅಂತ ಹೆಸರು. ಮೇಷ್ಟ್ರು ಆ ಹೆಸರು ಹೇಳಿದಾಗ ನಾನು ತಿರುಗಿ ನೋಡಿದೆ. ಹತ್ತಿದ ದಾರಿಯಲ್ಲಿ ಮೀನಿನ ಮುಳ್ಳಿನ ಹಾಗೆ ಗುರುತು ಬಿದ್ದಿತ್ತು. ಅದು ನನಗೆ ಇಪ್ಪತ್ತು ವರ್ಷದಿಂದ ಗೊತ್ತಿರುವ ನೇಯ್ಗೆ. ಥಾನ್ ಬಿಚ್ಚಿ ಟೇಬಲ್ ಮೇಲೆ ಹಾಸಿದಾಗ ಕಾಣುವ ಹೆರಿಂಗ್‌ಬೋನ್ ಟ್ವಿಲ್. ಹಿಮದ ಮೇಲೆ ನನ್ನ ಕಾಲೇ ಅದನ್ನು ನೇಯ್ದಿತ್ತು. ನನಗೆ ಕಣ್ಣು ತುಂಬಿ ಬಂತು.

ಅವತ್ತಿನಿಂದ ಯಾವ ಸ್ಕೀ ಚಿತ್ರ ನೋಡಿದರೂ ನಾನು ಹುಡುಕುವುದು ಆ ಗುರುತನ್ನು. ಚೌಕಟ್ಟಿನ ಮೂಲೆಯಲ್ಲಿ, ಬಂಡೆಯ ಪಕ್ಕ, ಎಲ್ಲಾದರೂ ಹತ್ತಿದ ಸಾಲು ಕಾಣುತ್ತದಾ? ಕಂಡರೆ ಆ ಚಿತ್ರದ ಮೇಲೆ ನನ್ನ ನಂಬಿಕೆ ಜಾಸ್ತಿ. ನೀವೂ ಹಾಗೆ ಮಾಡಿ. ನೋಡುತ್ತಾ ನೋಡುತ್ತಾ ಕಣ್ಣು ಪಳಗುತ್ತದೆ.

ಇನ್ನು ಸದ್ದು. ವಿಡಿಯೋಗಳಲ್ಲಿ ಹಾಡು ಹಾಕಿ ಎಲ್ಲ ಮುಚ್ಚಿರುತ್ತಾರೆ. ಹಾಡಿಲ್ಲದ, ಹಿಮದ ಸದ್ದು ಹಾಗೇ ಇರುವ ವಿಡಿಯೋ ಹುಡುಕಿ, ಕಿವಿಗೆ ಇಯರ್‌ಫೋನ್ ಹಾಕಿ ಕೇಳಿ. ಗಟ್ಟಿ ಐಸ್ ಮೇಲೆ ಸ್ಕೀ ಕರಕರ ಅನ್ನುತ್ತದೆ, ಹಲ್ಲು ಜುಮ್ಮೆನ್ನುವ ಸದ್ದು. ಹೊಸದಾಗಿ ಬಿದ್ದ ಹಿಟ್ಟಿನಂಥ ಹಿಮದಲ್ಲಿ ಸದ್ದೇ ಇಲ್ಲದಷ್ಟು ಮೆತ್ತಗೆ. ಒಂಬತ್ತನೇ ದಿನ ಬೆಳಿಗ್ಗೆ ನಾನು ಮೊದಲ ಸಲ ಬೀಳದೆ ನಾಲ್ಕು ತಿರುವು ಒಂದಕ್ಕೊಂದು ಜೋಡಿಸಿದೆ. ಆಗ ಕೇಳಿದ್ದು, ದೊಡ್ಡ ಕತ್ತರಿಯನ್ನು ಮುಚ್ಚಿ ತೆರೆಯದೆ ಬಟ್ಟೆಯಲ್ಲಿ ಸುಮ್ನೆ ನೂಕಿದರೆ ಬರುತ್ತದಲ್ಲ, ಆ ಸರ್ ಅನ್ನುವ ಸದ್ದು. ನಾಲ್ಕು ತಿರುವು, ಹತ್ತು ಹನ್ನೆರಡು ಸೆಕೆಂಡ್ ಇರಬಹುದು. ಕೆಳಗೆ ಬಂದು ನಿಂತಾಗ ಸುತ್ತ ಯಾರೂ ಇರಲಿಲ್ಲ, ನನ್ನ ಉಸಿರು ನನಗೇ ಕೇಳುತ್ತಿತ್ತು. ನಾನು ನೋಡಿದ ಯಾವ ಸಿನಿಮಾದಲ್ಲೂ ಅದು ಸಿಕ್ಕಿಲ್ಲ.

ಚಿತ್ರದಲ್ಲಿ ಚೆಂದ ಕಂಡಲ್ಲೇ ಅಪಾಯ

ಇದನ್ನು ತಮ್ಮನ ಮಗನಿಗೆ ಎರಡು ಸಲ ಹೇಳಿದೆ. ಮುಖಪುಟಕ್ಕೆ ಬರುವ ಇಳಿಜಾರುಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇರುತ್ತವೆ. ಹಿಮಕುಸಿತ ಹೆಚ್ಚಾಗಿ ಆಗುವುದೂ ಅದೇ 30ರಿಂದ 45 ಡಿಗ್ರಿಯಲ್ಲೇ. ಹಿಮದಡಿ ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಬದುಕುವ ಆಸೆ ಇರುತ್ತದೆ, ಆಮೇಲೆ ಅದು ಬಹಳ ಬೇಗ ಕುಸಿಯುತ್ತದೆ. ಅದಕ್ಕೇ ಬಲ್ಲವರು ಹೂತವರು ಎಲ್ಲಿದ್ದಾರೆ ಅಂತ ರೇಡಿಯೋ ಸಂಕೇತದಿಂದ ತಿಳಿಸುವ ಬೀಕನ್, ಸಲಿಕೆ, ಹುಡುಕುವ ಉದ್ದ ಕೋಲು ಮೂರನ್ನೂ ಇಟ್ಟುಕೊಂಡು, ಬಳಸುವುದನ್ನು ಕಲಿತು, ಜೊತೆಗಾರರ ಸಂಗಡ ಹೋಗುತ್ತಾರೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಎಷ್ಟೋ ಮೇಲೆ. ಗೊಂಡೊಲಾದ ಎರಡನೇ ಹಂತ ಪಕ್ಕದ ಬೆಟ್ಟ ಅಫರ್ವಾಟ್‌ನಲ್ಲಿ ಅಲ್ಲಿಂದಲೂ ಸಾವಿರ ಮೀಟರಿಗೂ ಜಾಸ್ತಿ ಮೇಲಕ್ಕೆ ಒಯ್ಯುತ್ತದೆ. ವಿಡಿಯೋಗಳಲ್ಲಿ ಕಾಣುವ ಗುಲ್ಮಾರ್ಗ್ ಹೆಚ್ಚಾಗಿ ಆ ಮೇಲಿನದು. 2023ರ ಫೆಬ್ರವರಿಯಲ್ಲಿ ಅಲ್ಲಿಯ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. ಮೊದಲ ವರ್ಷ ಹೋಗುವವರು ಅಲ್ಲಿಗೆ ಸ್ಕೀ ತೆಗೆದುಕೊಂಡು ಹೋಗುವ ಯೋಚನೆಯನ್ನೇ ಮಾಡಬೇಡಿ.

ಸ್ಪರ್ಧೆಯ ವಿಡಿಯೋಗಳನ್ನೂ ನೋಡಿ. ಗುಲ್ಮಾರ್ಗ್ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತದಿಂದ ಹೋದ ಒಬ್ಬರೇ ಆಟಗಾರ. ನೆಟ್ಟ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಜಯಂಟ್ ಸ್ಲಾಲಂನಲ್ಲಿ 45ನೆಯವರಾಗಿ ಮುಗಿಸಿದರು. ಅವತ್ತು ಹಿಮ ಸುರಿಯುತ್ತಿತ್ತು, ಎಷ್ಟೋ ಮಂದಿ ಕೊನೆ ಮುಟ್ಟಲಿಲ್ಲ. 45ನೇ ಸ್ಥಾನ ಯಾರ ಮುಖಪುಟಕ್ಕೂ ಬರುವುದಿಲ್ಲ, ನನಗೆ ಮಾತ್ರ ಅದು ದೊಡ್ಡದು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಅಂತೂ ತಪ್ಪದೆ ನೋಡಿ. ಅದರಲ್ಲಿ ಏರು, ಇಳಿ, ಸಪಾಟು ಎಲ್ಲವನ್ನೂ ಸ್ವಂತ ಕಾಲಿನಿಂದಲೇ ದಾಟಬೇಕು. ಹತ್ತುವವರ ಮುಖ ಹೇಗಿರುತ್ತದೆ ಅಂತ ಅಲ್ಲಿ ಕಾಣುತ್ತದೆ.

ಹೊರಡುವ ಮುಂಚೆ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ನಾವು ಗುಂತಕಲ್ಲಿಗೆ ಹೋಗಿ ದೆಹಲಿ ರೈಲು ಹಿಡಿಯುತ್ತೇವೆ. ಅಲ್ಲಿಂದ ಶ್ರೀನಗರಕ್ಕೆ ವಿಮಾನ, ಆಮೇಲೆ ರಸ್ತೆಯಲ್ಲಿ ತಂಗ್ಮಾರ್ಗ್ ದಾಟಿ ಗುಲ್ಮಾರ್ಗ್. ಹೋಗುವುದಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು. ಎರಡು ತಿಂಗಳು ಮೊದಲಿನಿಂದ ದಿನಾ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯ ಮೇಲೆ ಕೂತ ಹಾಗೆ ನಿಂತು ಅಭ್ಯಾಸ ಮಾಡಿ. ಒಂದು ನಿಮಿಷದಿಂದ ಶುರು ಮಾಡಿ ಮೂರಕ್ಕೆ ಬನ್ನಿ. ನಾನು ಕೋಟೆ ಗುಡ್ಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಹತ್ತುವುದಕ್ಕಿಂತ ನಿಧಾನವಾಗಿ ಇಳಿಯುವುದೇ ತೊಡೆಗೆ ಒಳ್ಳೆಯ ಕೆಲಸ ಕೊಡುತ್ತದೆ.

ಜೀನ್ಸ್ ಬೇಡ. ಜೀನ್ಸ್ ಹೊಲಿದು ಬದುಕುವ ನಾನೇ ಹೇಳುತ್ತಿದ್ದೇನೆ. ಹತ್ತಿ ನೀರು ಕುಡಿಯುತ್ತದೆ, ಬೇಗ ಒಣಗುವುದಿಲ್ಲ, ಒದ್ದೆ ಬಟ್ಟೆ ಮೈ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ನಡುವೆ ಬೆಚ್ಚನೆಯ ಫ್ಲೀಸ್, ಹೊರಗೆ ನೀರು ತಡೆಯುವ ಪದರ.

ಬೂಟಿನ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತೆ. ಎರಡನೇ ಸಲ ಹೋದಾಗ ಒಂದು ಬಾಡಿಗೆ ಅಂಗಡಿಯಲ್ಲಿ ನನ್ನ ಅಳತೆಯದು ಇಲ್ಲ ಅಂತ ದೊಡ್ಡ ಬೂಟು ಕೊಟ್ಟು, ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ ಅಂದರು. ಒಳಗೆ ಹಿಮ್ಮಡಿ ಏಳುತ್ತಿತ್ತು, ನಾನು ಕಾಲು ತಿರುಗಿಸಿದರೆ ಬೂಟಿನೊಳಗೆ ಕಾಲಷ್ಟೇ ತಿರುಗುತ್ತಿತ್ತು, ಸ್ಕೀ ತಿರುಗುತ್ತಿರಲಿಲ್ಲ. ಎರಡು ದಿನ ಹಿಮ್ಮಡಿಯ ಬೊಬ್ಬೆ ಆರಿಸುತ್ತಾ ಕೋಣೆಯಲ್ಲಿ ಕೂತೆ. ಒಂದೇ ಕಾಲುಚೀಲ ಹಾಕಿ. ನೆಟ್ಟಗೆ ನಿಂತಾಗ ಬೆರಳು ಬೂಟಿನ ಮುಂಭಾಗಕ್ಕೆ ತಾಗಬೇಕು, ಮೊಣಕಾಲು ಬಾಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಹಾಗೆ ಕೂರದಿದ್ದರೆ ಬೇರೆ ಅಂಗಡಿಗೆ ಹೋಗಿ.

ನಿಮ್ಮದೇ ಒಂದು ಚಿತ್ರ ತೆಗೆಸಿ

ನಾರ್ವೆಯ ರೋಡೋಯ್‌ನಲ್ಲಿ ಸಾವಿರಾರು ವರ್ಷ ಹಳೆಯ ಒಂದು ಬಂಡೆಚಿತ್ರ ಇದೆ. ಉದ್ದನೆಯ ಸ್ಕೀ ಮೇಲೆ, ಮೊಣಕಾಲು ಬಾಗಿಸಿ, ಕೈಯಲ್ಲಿ ಕೋಲು ಹಿಡಿದು ನಿಂತ ಒಬ್ಬ ಮನುಷ್ಯ. ನಮ್ಮ ಊರ ಪಕ್ಕದ ಸಂಗನಕಲ್ಲು, ಕುಪ್ಗಲ್ ಗುಡ್ಡಗಳ ಬಂಡೆಗಳಲ್ಲೂ ಕಲ್ಲಿನಿಂದ ಕುಟ್ಟಿ ಮೂಡಿಸಿದ ಉದ್ದ ಕೋಡಿನ ದನಗಳಿವೆ, ಮನುಷ್ಯರಿದ್ದಾರೆ. ಅಲ್ಲಿ ನಿಂತಾಗಲೆಲ್ಲ ನನಗೆ ಅನಿಸುವುದು, ದನ ಕಾಯ್ದವರೇ ದನ ಬಿಡಿಸಿರಬೇಕು, ಹಿಮದಲ್ಲಿ ನಡೆದವರೇ ಆ ಸ್ಕೀ ಬಿಡಿಸಿರಬೇಕು ಅಂತ. ಆದ್ದರಿಂದ ನೀವೂ ನಿಮ್ಮದನ್ನು ಬಿಡಿಸಿ.

ಜೊತೆಗಾರರ ಕೈಗೆ ಫೋನ್ ಕೊಡಿ. ಬುಡದಿಂದ ಶುರು ಮಾಡಿ, ಹತ್ತುವುದೂ ಸೇರಿ, ಇಳಿದು ನಿಲ್ಲುವ ತನಕ ಒಂದೇ ಸಲಕ್ಕೆ ತೆಗೆಸಿ. ಮುಂಚೆ ಫೋನನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ಹಾಡು ಹಾಕಬೇಡಿ. ಕತ್ತರಿಸಬೇಡಿ.

ನನ್ನದು ಹನ್ನೊಂದು ನಿಮಿಷ ಇದೆ. ಹತ್ತುವುದೇ ಹತ್ತು ನಿಮಿಷಕ್ಕೆ ಹತ್ತಿರ, ನಡುವೆ ಎರಡು ಸಲ ಬೀಳುತ್ತೇನೆ. ಊರಿಗೆ ಬಂದ ವಾರ, ಸಂಜೆ ಒಗ್ಗರಣೆ ಮಿರ್ಚಿ ತರಿಸಿ, ಯೂನಿಟ್ಟಿನಲ್ಲಿ ಎಲ್ಲರಿಗೂ ತೋರಿಸಿದೆ. ಯಾರೂ ಎದ್ದು ಹೋಗಲಿಲ್ಲ. ಮುಗಿದಮೇಲೆ, ಇಪ್ಪತ್ತು ವರ್ಷದಿಂದ ಬಾಟಮ್ ಮಡಿಸಿ ಹೊಲಿಯುವ ನಮ್ಮ ಹಿರಿಯ ಅಕ್ಕ ಕನ್ನಡಕ ಸರಿ ಮಾಡಿಕೊಂಡು, "ಇಳಿಯೋದು ಬಿಡಮ್ಮ, ಆ ಹತ್ತೋದನ್ನ ಇನ್ನೊಂದ್ಸಲ ಹಾಕು, ಕಾಲು ಹೆಂಗೆ ಇಡ್ತೀ ನೋಡ್ತೀನಿ" ಅಂದರು. ಮತ್ತೆ ಮೊದಲಿನಿಂದ ಹಾಕಿದೆ.